ಬೆಂಕಿಯ ಕೆಳಗಿನ ಬುನಾದಿ



ಚಚಡಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತಮುತ್ತ ಕಬ್ಬಿನ ಹೊಲಗಳನ್ನು ನೀವು ನೋಡಿಯೇ ಇರುತ್ತೀರಿ. ಹಂಗಾಮು ಬಂತೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಸಾಲುಗಟ್ಟಿ ಹೋಗುತ್ತವೆ. ಕೆಲವು ಬೆಲ್ಲದ ಗಾಣಕ್ಕೆ ಹೋಗುತ್ತವೆ. ಹೆಚ್ಚಿನವು ಮುನವಳ್ಳಿಯಂಥ ಕಡೆ ಇರುವ ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತವೆ.

ಗಾಣವಾಗಲಿ, ಕಾರ್ಖಾನೆಯಾಗಲಿ, ಎರಡೂ ಕಡೆ ಬೆಂಕಿ ಬೇಕೇ ಬೇಕು. ಗಾಣದಲ್ಲಿ ಕೊಪ್ಪರಿಗೆಯ ಕೆಳಗೆ ಒಲೆ ಉರಿಯುತ್ತದೆ. ಕಾರ್ಖಾನೆಯಲ್ಲಿ ಬಾಯ್ಲರ್ ಉರಿಯುತ್ತದೆ. ಹಾಲು ಹಿಂಡಿದ ಕಬ್ಬಿನ ಸಿಪ್ಪೆಯೇ ಎರಡಕ್ಕೂ ಉರುವಲು. ನೋಡಲು ಹೋದವರ ಕಣ್ಣು ಕುದಿಯುವ ಕಬ್ಬಿನ ಹಾಲಿನ ಮೇಲೆ, ಎತ್ತರದ ಚಿಮಣಿಯ ಮೇಲೆ ಇರುತ್ತದೆ. ಬೆಂಕಿಯ ಕೆಳಗೆ ಏನಿದೆ ಎಂದು ನೋಡುವವರು ಕಡಿಮೆ.

ಬಾಯ್ಲರ್ ಎಂದರೆ ನೂರಾರು ಟನ್ ತೂಕದ ಯಂತ್ರ. ಅದನ್ನು ಹೊತ್ತು ನಿಂತಿರುವುದು ನೆಲದೊಳಗಿನ ಕಾಂಕ್ರೀಟ್ ಬುನಾದಿ. ಮನೆಯ ಬುನಾದಿ ತಂಪು ನೆಲದಲ್ಲಿ ಸುಖವಾಗಿ ಇರುತ್ತದೆ. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಸಿಯ ಪಕ್ಕದಲ್ಲೇ ಇರಬೇಕಾದ ಬುನಾದಿಯ ಕಥೆ ಬೇರೆ. ಅದನ್ನು ಹೇಗೆ ಕಟ್ಟುತ್ತಾರೆ? ಬನ್ನಿ, ತಿಳಿದುಕೊಳ್ಳೋಣ.

ಬುನಾದಿಯ ಕೆಲಸವೇನು?

ಮೇಲಿನ ಭಾರವನ್ನು ಅಗಲವಾದ ನೆಲಕ್ಕೆ ಹಂಚುವುದೇ ಬುನಾದಿಯ ಕೆಲಸ. ಕೆಸರಿನಲ್ಲಿ ನಿಂತರೆ ನಿಮ್ಮ ಕಾಲು ಹೂತುಹೋಗುತ್ತದೆ. ಅಲ್ಲೇ ಒಂದು ಅಗಲವಾದ ಹಲಗೆ ಹಾಕಿ ನಿಂತರೆ ಹೂಳುವುದಿಲ್ಲ. ಭಾರ ಅಷ್ಟೇ ಇದೆ, ಆದರೆ ಅದು ಹೆಚ್ಚು ಜಾಗಕ್ಕೆ ಹಂಚಿಹೋಗಿದೆ. ಬುನಾದಿಯೂ ಇಂಥ ಹಲಗೆಯೇ.

ಈ ಹಲಗೆಯನ್ನು ಸಿಮೆಂಟ್, ಉಸುಕು, ಖಡಿ ಮತ್ತು ನೀರು ಕಲಸಿ ಮಾಡುತ್ತಾರೆ. ಇದೇ ಕಾಂಕ್ರೀಟ್. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಎಳೆದರೆ ಅಥವಾ ಬಾಗಿಸಿದರೆ ಬೇಗ ಬಿರುಕು ಬಿಡುತ್ತದೆ. ಕಬ್ಬಿಣದ ಸರಳಿಗೆ ಎಳೆತವನ್ನು ತಡೆಯುವ ಶಕ್ತಿ ಚೆನ್ನಾಗಿದೆ. ಆದ್ದರಿಂದ ಗವಂಡಿಗಳು ಕಾಂಕ್ರೀಟಿನೊಳಗೆ ಸರಳುಗಳ ಬಲೆ ಹೆಣೆದು ಇಡುತ್ತಾರೆ. ಇದಕ್ಕೆ ಆರ್‌ಸಿಸಿ ಎನ್ನುತ್ತೇವೆ. ನಿಮ್ಮ ಶಾಲೆಯ ಛಾವಣಿಯೂ ಬಹುಶಃ ಹೀಗೆಯೇ ಆಗಿದೆ.

ಇಬ್ಬರೂ ಸೇರಿ ಹೊರುವ ಈ ಜೋಡಿಗೆ ಒಂದು ಶತ್ರು ಇದೆ. ಅದು ಬಹುಕಾಲ ನಿಲ್ಲುವ ಬಿಸಿ.

ಗಟ್ಟಿ ಕಾಂಕ್ರೀಟಿನೊಳಗೆ ನೀರು!

ಕಾಂಕ್ರೀಟ್ ಗಟ್ಟಿಯಾಗುವುದು ಒಣಗುವುದರಿಂದ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಹಾಗಿದ್ದರೆ ಹೊಸ ಕಾಂಕ್ರೀಟಿಗೆ ದಿನವೂ ನೀರು ಹೊಡೆಯುವುದೇಕೆ? ಗೋಣಿಚೀಲ ಹೊದಿಸಿ ಒದ್ದೆಯಾಗಿ ಇಡುವುದೇಕೆ?

ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕ ಕ್ರಿಯೆ ನಡೆಸುತ್ತವೆ. ಆಗ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು ಹುಟ್ಟುತ್ತದೆ. ಉಸುಕನ್ನೂ ಖಡಿಯನ್ನೂ ಹಿಡಿದಿಡುವುದು ಈ ಅಂಟೇ. ಜೊತೆಯಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನೀರು ಕುಡಿದ ಸುಣ್ಣ, ಕೂಡ ಉಂಟಾಗುತ್ತದೆ.

ಹೀಗೆ ನಾವು ಹಾಕಿದ ನೀರಿನ ಒಂದು ಭಾಗ ಅಂಟಿನ ಒಡಲಲ್ಲೇ ಸೇರಿಹೋಗುತ್ತದೆ. ಇದು ಬಂಧಿತ ನೀರು. ಉಳಿದ ನೀರು ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಲ್ಲಿ ಇರುತ್ತದೆ. ಇದು ಬಿಡಿ ನೀರು. ನೋಡಲು ಕಲ್ಲಿನಂತಿರುವ ಕಾಂಕ್ರೀಟಿನೊಳಗೆ ನೀರು ಇದ್ದೇ ಇರುತ್ತದೆ. ಬಿಸಿಯು ಕಾಂಕ್ರೀಟನ್ನು ಕೆಡಿಸುವುದು ಮುಖ್ಯವಾಗಿ ಈ ನೀರನ್ನು ಹೊರಗಟ್ಟುವುದರಿಂದ.

ತಾಪದ ಮೆಟ್ಟಿಲುಗಳು

ಕಾಂಕ್ರೀಟನ್ನು ನಿಧಾನವಾಗಿ ಕಾಯಿಸುತ್ತಾ ಹೋದರೆ ಏನಾಗುತ್ತದೆ? ಒಂದೊಂದೇ ಮೆಟ್ಟಿಲು ಹತ್ತಿ ನೋಡೋಣ.

100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ: ರಂಧ್ರಗಳಲ್ಲಿರುವ ಬಿಡಿ ನೀರು ಆವಿಯಾಗತೊಡಗುತ್ತದೆ. ಇದನ್ನು ದಾಟಿದ ಮೇಲೆ ಅಂಟಿನೊಳಗಿನ ಬಂಧಿತ ನೀರೂ ಸ್ವಲ್ಪ ಸ್ವಲ್ಪವಾಗಿ ಬಿಡತೊಡಗುತ್ತದೆ.

300 ಡಿಗ್ರಿ: ನೀರು ಕಳೆದುಕೊಂಡ ಅಂಟು ಕುಗ್ಗುತ್ತದೆ. ಆದರೆ ಅದರೊಳಗಿನ ಖಡಿ ಬಿಸಿಗೆ ಹಿಗ್ಗುತ್ತದೆ. ಒಂದು ಕುಗ್ಗಿ ಇನ್ನೊಂದು ಹಿಗ್ಗಿದರೆ ನಡುವೆ ಬಿರುಕು ಬೀಳದೆ ಇದ್ದೀತೇ? ಇಲ್ಲಿಂದ ಮುಂದೆ ಕಾಂಕ್ರೀಟಿನ ಬಲ ಎದ್ದು ಕಾಣುವಂತೆ ಇಳಿಯುತ್ತದೆ.

400 ರಿಂದ 500 ಡಿಗ್ರಿ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಒಡೆದು ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣದ ಮೇಲೆ ನೀರು ಬಿದ್ದರೆ ಅದು ಬುಸುಗುಟ್ಟಿ ಉಬ್ಬುವುದನ್ನು ನೀವು ಕೇಳಿರಬಹುದು. ಕಾಯ್ದ ಕಾಂಕ್ರೀಟ್ ಆರಿ, ಮುಂದೆ ಮಳೆಯಲ್ಲಿ ನೆನೆದಾಗ ಅದರೊಳಗಿನ ಸುಣ್ಣವೂ ಹೀಗೆಯೇ ಉಬ್ಬಿ ಬಿರುಕನ್ನು ದೊಡ್ಡದು ಮಾಡುತ್ತದೆ.

573 ಡಿಗ್ರಿ: ಬೆಣಚುಕಲ್ಲಿನ ಹರಳುಗಳು ಈ ತಾಪದಲ್ಲಿ ತಮ್ಮ ರಚನೆಯನ್ನೇ ಬದಲಿಸಿ ಥಟ್ಟನೆ ಹಿಗ್ಗುತ್ತವೆ.

600 ಡಿಗ್ರಿ: ಸಾಮಾನ್ಯ ಕಾಂಕ್ರೀಟಿನ ಬಲ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಸರಳುಗಳ ಬಲವೂ 400 ಡಿಗ್ರಿ ದಾಟಿದ ಮೇಲೆ ಇಳಿಯುತ್ತಾ ಬಂದು ಇಲ್ಲಿಗೆ ಸುಮಾರು ಅರ್ಧವಾಗಿರುತ್ತದೆ.

ಈಗ ಹೇಳಿ: ಬಾಯ್ಲರಿನ ಒಲೆಯೊಳಗಿನ ತಾಪ ಸುಮಾರು 1,000 ಡಿಗ್ರಿ. ಕಬ್ಬಿಣ ಕರಗಿಸುವ ಊದುಕುಲುಮೆಯಿಂದ ಹೊರಬರುವ ದ್ರವ ಕಬ್ಬಿಣದ ತಾಪ ಸುಮಾರು 1,500 ಡಿಗ್ರಿ. ಇಂಥ ಬೆಂಕಿಯನ್ನು ಕಾಂಕ್ರೀಟಿನ ಮೇಲೆ ನೇರವಾಗಿ ಇಡಲು ಆದೀತೇ?

ಗಳಿಗೆಯ ಬೆಂಕಿ, ತಿಂಗಳ ಬೆಂಕಿ

ಬದನೆಕಾಯಿ ಸುಡುವುದನ್ನು ನೋಡಿದ್ದೀರಾ? ಕೆಂಡದ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೇ ಸಿಪ್ಪೆ ಕಪ್ಪಾಗುತ್ತದೆ. ಆಗಲೇ ತೆಗೆದು ಸೀಳಿದರೆ ಒಳಗೆ ಇನ್ನೂ ಹಸಿ. ಇನ್ನಷ್ಟು ಹೊತ್ತು ಬಿಟ್ಟರೆ ಬಿಸಿ ನಡುವಿನವರೆಗೂ ಇಳಿದು ಒಳಗೆಲ್ಲ ಮೆತ್ತಗಾಗುತ್ತದೆ. ಬೆಂಕಿ ಅದೇ, ಬದಲಾದದ್ದು ಕಾಲ ಮಾತ್ರ.

ಕಾಂಕ್ರೀಟೂ ಹೀಗೆಯೇ. ಅದರೊಳಗೆ ಬಿಸಿ ಬಹಳ ನಿಧಾನವಾಗಿ ಇಳಿಯುತ್ತದೆ. ಎಷ್ಟು ಹೊತ್ತಿಗೆ ಎಷ್ಟು ಆಳ ಎಂಬ ಅಂದಾಜು ಇಲ್ಲಿದೆ.

1 ಗಂಟೆ: 5 ಸೆಂ.ಮೀ.
4 ಗಂಟೆ: 10 ಸೆಂ.ಮೀ.
16 ಗಂಟೆ: 20 ಸೆಂ.ಮೀ.
100 ಗಂಟೆ: 50 ಸೆಂ.ಮೀ.
400 ಗಂಟೆ: 100 ಸೆಂ.ಮೀ.

ಈ ಪಟ್ಟಿಯಲ್ಲಿ ಒಂದು ನಿಯಮ ಅಡಗಿದೆ. ಕಂಡುಹಿಡಿದಿರಾ? ಬಿಸಿ ಎರಡರಷ್ಟು ಆಳಕ್ಕೆ ಇಳಿಯಲು ನಾಲ್ಕರಷ್ಟು ಹೊತ್ತು ಬೇಕು. ಹತ್ತರಷ್ಟು ಆಳಕ್ಕೆ ನೂರರಷ್ಟು ಹೊತ್ತು ಬೇಕು.

ಮನೆಗೆ ಬೆಂಕಿ ಬಿದ್ದರೆ ಅದು ಸಾಮಾನ್ಯವಾಗಿ ಕೆಲವು ಗಂಟೆಗಳ ಬೆಂಕಿ. ಆಗ ಕಾಂಕ್ರೀಟಿನ ಮೇಲುಪದರ ಕೆಟ್ಟರೂ ದಪ್ಪ ಕಂಬದ ಒಳಭಾಗ ಬಹುತೇಕ ತಣ್ಣಗೆ ಉಳಿದು ಭಾರ ಹೊರುತ್ತದೆ. ಆದರೆ ಸಕ್ಕರೆ ಕಾರ್ಖಾನೆಯ ಹಂಗಾಮು ತಿಂಗಳುಗಟ್ಟಲೆ ನಡೆಯುತ್ತದೆ. 400 ಗಂಟೆ ಎಂದರೆ ಹದಿನೇಳು ದಿನವೂ ಆಗಲಿಲ್ಲ! ದೊಡ್ಡ ಊದುಕುಲುಮೆಗೆ ಒಮ್ಮೆ ಬೆಂಕಿ ಹೊತ್ತಿಸಿದರೆ ಹತ್ತು, ಹದಿನೈದು ವರ್ಷಗಳವರೆಗೂ ಅದನ್ನು ಉರಿಸುತ್ತಲೇ ಇರುತ್ತಾರೆ. ಅಷ್ಟು ಕಾಲದಲ್ಲಿ ಬಿಸಿ ಬುನಾದಿಯ ತಳದವರೆಗೂ, ಅದರ ಕೆಳಗಿನ ಮಣ್ಣಿಗೂ ಇಳಿಯುತ್ತದೆ.

ಆದ್ದರಿಂದ ಎಂಜಿನಿಯರರು ಎರಡು ಪ್ರಶ್ನೆ ಕೇಳುತ್ತಾರೆ. ಬೆಂಕಿ ಎಷ್ಟು ಬಿಸಿ? ಮತ್ತು ಎಷ್ಟು ಕಾಲ? ಬಹುಕಾಲದ ಬಿಸಿಗೆ ಮಿತಿ ತುಂಬ ಕಟ್ಟುನಿಟ್ಟು. ಉದಾಹರಣೆಗೆ, ಅಣುವಿದ್ಯುತ್ ಸ್ಥಾವರಗಳ ಕಾಂಕ್ರೀಟಿಗಾಗಿ ಅಮೆರಿಕದ ಕಾಂಕ್ರೀಟ್ ಸಂಸ್ಥೆ ರೂಪಿಸಿದ ನಿಯಮದಂತೆ, ಸದಾ ಬಿಸಿ ತಾಗುವ ಕಾಂಕ್ರೀಟಿನ ತಾಪ ಸುಮಾರು 66 ಡಿಗ್ರಿ ದಾಟಬಾರದು. ಕೊಳವೆ ಹಾದುಹೋಗುವಂಥ ಸಣ್ಣ ಜಾಗಗಳಲ್ಲಿ ಮಾತ್ರ ಸುಮಾರು 93 ಡಿಗ್ರಿವರೆಗೆ ಬಿಡಬಹುದು. ಎರಡೂ ನೀರು ಕುದಿಯುವ ತಾಪಕ್ಕಿಂತ ಕಡಿಮೆ ಎಂಬುದನ್ನು ಗಮನಿಸಿ. ಒಳಗಿನ ನೀರನ್ನು ಒಳಗೇ ಉಳಿಸಿಕೊಳ್ಳುವ ಉಪಾಯ ಇದು.

ಹಿಗ್ಗಲು ಜಾಗ ಬೇಕು

ಬಿಸಿಯಾದ ವಸ್ತು ಹಿಗ್ಗುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. 1 ಮೀಟರ್ ಉದ್ದದ ಕಾಂಕ್ರೀಟನ್ನು 100 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಉಕ್ಕು ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಎರಡೂ ಹೆಚ್ಚುಕಡಿಮೆ ಸಮಾನವಾಗಿ ಹಿಗ್ಗುವುದರಿಂದಲೇ ಅವು ಬಿಡದೆ ಜೊತೆಯಾಗಿ ಇರಬಲ್ಲವು.

ಒಂದು ಲೆಕ್ಕ ಮಾಡೋಣ. 20 ಮೀಟರ್ ಉದ್ದದ ಬುನಾದಿ 50 ಡಿಗ್ರಿಯಷ್ಟು ಹೆಚ್ಚು ಬಿಸಿಯಾಯಿತು ಎಂದುಕೊಳ್ಳಿ. 1 ಮೀಟರಿಗೆ ಅರ್ಧ ಮಿ.ಮೀ. ಹಿಗ್ಗುತ್ತದೆ. 20 ಮೀಟರಿಗೆ 10 ಮಿ.ಮೀ., ಅಂದರೆ 1 ಸೆಂ.ಮೀ. ಹಿಗ್ಗುತ್ತದೆ. ಇಷ್ಟೇ ತಾನೇ ಎನ್ನಬೇಡಿ. ಎರಡು ತುದಿಗೂ ಗಟ್ಟಿ ಗೋಡೆ ಇದ್ದರೆ ಈ 1 ಸೆಂ.ಮೀ. ಜಾಗ ಸಿಗದೆ ಬುನಾದಿ ಗೋಡೆಯನ್ನು ತಳ್ಳುತ್ತದೆ. ಗೋಡೆ ಸೀಳುತ್ತದೆ, ಇಲ್ಲವೇ ಬುನಾದಿಯೇ ಒಡೆಯುತ್ತದೆ.

ಇನ್ನೊಂದು ತೊಂದರೆಯೂ ಇದೆ. ಬುನಾದಿಯ ಮೇಲ್ಭಾಗ ಬಿಸಿ, ತಳ ತಂಪು. ಮೇಲ್ಭಾಗ ಹಿಗ್ಗಬೇಕು ಎನ್ನುತ್ತದೆ, ತಳ ಒಪ್ಪುವುದಿಲ್ಲ. ಆಗ ಬುನಾದಿಯ ನಡುಭಾಗ ಮೇಲಕ್ಕೆ ಉಬ್ಬಿ ಬಾಗಲು ನೋಡುತ್ತದೆ. ಮೇಲಿನ ಭಾರ ಅದನ್ನು ಬಾಗಲು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ತಂಪಾದ ತಳ ಎಳೆತಕ್ಕೆ ಸಿಕ್ಕಿ ಬಿರುಕು ಬಿಡುತ್ತದೆ. ಭಾರವೇ ಇಲ್ಲದಿದ್ದರೂ ಬರೀ ತಾಪದ ವ್ಯತ್ಯಾಸವೇ ಕಾಂಕ್ರೀಟನ್ನು ಬಿರಿಯಬಲ್ಲದು!

ಮಾಡಿ ನೋಡಿ: ಮೂರು ಲೋಟ

ಬೇಕಾಗುವ ಸಾಮಗ್ರಿ: ಒಂದೇ ತೆರನಾದ ಮೂರು ಸ್ಟೀಲ್ ಲೋಟ, ಮೂರು ಸ್ಟೀಲ್ ತಟ್ಟೆ, ಒಂದು ಚಪ್ಪಟೆ ಇಟ್ಟಿಗೆ ಚೂರು, ಒಂದೇ ಎತ್ತರದ ಮೂರು ಸಣ್ಣ ಕಲ್ಲು, ಬಿಸಿನೀರು.

ಮಾಡುವ ಬಗೆ: ತಟ್ಟೆಗಳನ್ನು ನೆಲದ ಮೇಲೆ ಇಡಿ. ಮೊದಲ ಲೋಟವನ್ನು ನೇರವಾಗಿ ತಟ್ಟೆಯ ಮೇಲೆ ಇಡಿ. ಎರಡನೆಯದನ್ನು ಇಟ್ಟಿಗೆ ಚೂರಿನ ಮೇಲೆ ಇಡಿ. ಮೂರನೆಯದನ್ನು ಮೂರು ಕಲ್ಲುಗಳ ಮೇಲೆ, ಕೆಳಗೆ ಗಾಳಿ ಆಡುವಂತೆ ಇಡಿ. ಲೋಟಗಳು ಅಲುಗಾಡದಂತಿವೆಯೇ ನೋಡಿ. ಗುರುಗಳಿಂದ ಮೂರರಲ್ಲೂ ಸಮನಾಗಿ ಬಿಸಿನೀರು ಹಾಕಿಸಿ. ನೀವೇ ಸುರಿಯಬೇಡಿ. ಐದು ನಿಮಿಷದ ಮೇಲೆ ಗುರುಗಳು ಲೋಟ, ಇಟ್ಟಿಗೆ, ಕಲ್ಲುಗಳನ್ನು ತೆಗೆದ ಕೂಡಲೇ ತಟ್ಟೆಗಳನ್ನು ಮುಟ್ಟಿ ನೋಡಿ.

ಯಾವ ತಟ್ಟೆ ಹೆಚ್ಚು ಬಿಸಿ? ನೇರವಾಗಿ ಲೋಟ ಇಟ್ಟದ್ದು. ಉಳಿದೆರಡು ತಟ್ಟೆಗಳಿಗೆ ಬಿಸಿ ಏಕೆ ಕಡಿಮೆ ತಲುಪಿತು? ಇಟ್ಟಿಗೆಯೂ ಗಾಳಿಯೂ ಉಷ್ಣದ ಅವಾಹಕಗಳು. ಬಿಸಿಯಾಗುವ ಬುನಾದಿಯನ್ನು ಕಾಪಾಡುವ ಮುಖ್ಯ ಉಪಾಯವನ್ನು ನೀವೀಗ ಕೈಯಾರೆ ಕಂಡುಕೊಂಡಿರಿ.

ಎಂಜಿನಿಯರರ ಉಪಾಯಗಳು

ಬಿಸಿ ತಡೆಯುವ ಬುನಾದಿ ಎಂದರೆ ಬಿಸಿಯನ್ನು ನುಂಗಿಕೊಂಡು ನಿಲ್ಲುವ ಬುನಾದಿ ಎಂದು ತಿಳಿಯಬೇಡಿ. ಬಿಸಿ ತನ್ನವರೆಗೆ ಬಾರದಂತೆ ನೋಡಿಕೊಂಡ ಬುನಾದಿಯೇ ನಿಜವಾಗಿ ಒಳ್ಳೆಯದು. ಅದಕ್ಕಾಗಿ ಹಲವು ಉಪಾಯಗಳನ್ನು ಒಟ್ಟಿಗೆ ಬಳಸುತ್ತಾರೆ.

ಮೊದಲನೆಯದು, ಪದರಗಳು. ಬೆಂಕಿ ತಾಗುವ ಕಡೆ ಬೆಂಕಿ ಇಟ್ಟಿಗೆ ಇಡುತ್ತಾರೆ. ಇದನ್ನು ಹೆಚ್ಚು ತಾಪ ತಡೆಯುವ ವಿಶೇಷ ಜೇಡಿಮಣ್ಣಿನಿಂದ ಮಾಡಿರುತ್ತಾರೆ. ಅದರ ಹಿಂದೆ ಹಗುರವಾದ, ಒಳಗೆಲ್ಲ ಸಣ್ಣ ರಂಧ್ರಗಳಿರುವ ಇಟ್ಟಿಗೆ ಇಡುತ್ತಾರೆ. ರಂಧ್ರಗಳಲ್ಲಿ ಸಿಕ್ಕ ಗಾಳಿ ಬಿಸಿಯನ್ನು ತಡೆಯುತ್ತದೆ. ಕಾಂಕ್ರೀಟ್ ಇವೆಲ್ಲದರ ಹಿಂದೆ ಇರುತ್ತದೆ.

ಎರಡನೆಯದು, ಗಾಳಿಯ ದಾರಿ. ಬಾಯ್ಲರನ್ನು ಉಕ್ಕಿನ ಕಂಬಗಳ ಮೇಲೆ ನೆಲದಿಂದ ಎತ್ತರದಲ್ಲಿ ನಿಲ್ಲಿಸಿದರೆ ಕೆಳಗೆ ಗಾಳಿ ಆಡುತ್ತದೆ. ಬಿಸಿ ಗಾಳಿ ಹೊರಹೋಗಿ ತಂಪು ಗಾಳಿ ಒಳಬರುತ್ತದೆ. ಕಾಂಕ್ರೀಟಿನಿಂದ ಕಟ್ಟಿದ ಎತ್ತರದ ಚಿಮಣಿಗಳಲ್ಲೂ ಒಳಗೆ ಬೇರೆ ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಗಾಳಿಯ ಜಾಗ ಬಿಡುವುದುಂಟು. ಗಾಳಿ ಸಾಲದ ಕಡೆ ಕೊಳವೆಗಳಲ್ಲಿ ತಣ್ಣೀರು ಹರಿಸುತ್ತಾರೆ.

ಮೂರನೆಯದು, ಖಡಿಯ ಆಯ್ಕೆ. ಎಲ್ಲ ಕಲ್ಲೂ ಬಿಸಿಗೆ ಒಂದೇ ತೆರನಾಗಿ ವರ್ತಿಸುವುದಿಲ್ಲ. ಸವದತ್ತಿಯ ಗುಡ್ಡಗಳಲ್ಲಿ, ಮಲಪ್ರಭಾ ನದಿ ಸೀಳಿಕೊಂಡು ಹರಿಯುವ ನವಿಲುತೀರ್ಥದ ಬಳಿ ಕಾಣುವ ಗಟ್ಟಿ ಕಲ್ಲಿನಲ್ಲಿ ಬೆಣಚು ತುಂಬ ಇದೆ. ಇಂಥ ಕಲ್ಲು ಬಿಸಿಗೆ ಹೆಚ್ಚು ಹಿಗ್ಗುತ್ತದೆ. 573 ಡಿಗ್ರಿಯ ಮೆಟ್ಟಿಲು ನೆನಪಿದೆಯಲ್ಲ? ಬೆಳಗಾವಿ ಕಡೆ ಸಿಗುವ ಕರಿಕಲ್ಲು, ಅಂದರೆ ಬಸಾಲ್ಟ್, ಒಂದು ಕಾಲದಲ್ಲಿ ಜ್ವಾಲಾಮುಖಿಯ ಲಾವಾರಸ ಆರಿ ಆದ ಕಲ್ಲು. ಇದು ಕಡಿಮೆ ಹಿಗ್ಗುತ್ತದೆ, ಬಿಸಿಗೆ ಹೆಚ್ಚು ಬಾಳುತ್ತದೆ. ಆದ್ದರಿಂದ ಮನೆಗೆ ಎರಡೂ ಆದೀತು, ಬಿಸಿಯಾಗುವ ಬುನಾದಿಗೆ ಕರಿಕಲ್ಲೇ ಲೇಸು. ತುಂಬ ಬಿಸಿ ತಾಗುವ ಮೇಲುಪದರಕ್ಕೆ ಒಡೆದ ಬೆಂಕಿ ಇಟ್ಟಿಗೆಯನ್ನೇ ಖಡಿಯಾಗಿ, ಅಲ್ಯುಮಿನಾ ಹೆಚ್ಚಿರುವ ವಿಶೇಷ ಸಿಮೆಂಟನ್ನು ಅಂಟಾಗಿ ಬಳಸುತ್ತಾರೆ.

ನಾಲ್ಕನೆಯದು, ಸರಳುಗಳ ಜಾಗ. ಸರಳನ್ನು ಕಾಂಕ್ರೀಟ್ ಮುಚ್ಚಿರಬೇಕು. ಭಾರತೀಯ ಮಾನಕ ಸಂಸ್ಥೆಯ ಐಎಸ್ 456 ಸಂಹಿತೆಯು 2000ನೇ ಇಸವಿಯ ಆವೃತ್ತಿಯಲ್ಲಿ, ಬುನಾದಿಯ ಸರಳಿನ ಮೇಲೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕೆಂದು ಹೇಳಿತು. ಬಿಸಿಯಾಗುವ ಬುನಾದಿಯಲ್ಲಿ ತಾಪದ ವ್ಯತ್ಯಾಸದಿಂದ ಬೀಳುವ ಬಿರುಕನ್ನು ಹಿಡಿದಿಡಲು ಸರಳುಗಳನ್ನು ಒತ್ತೊತ್ತಾಗಿ, ಮೇಲೆ ಕೆಳಗೆ ಎರಡೂ ಕಡೆ ಹಾಕುತ್ತಾರೆ. ಬಿಸಿಗೆ ಬಲ ಎಷ್ಟು ಇಳಿಯಬಹುದೋ ಅಷ್ಟನ್ನು ಮೊದಲೇ ಲೆಕ್ಕದಲ್ಲಿ ಕಳೆದು ಬುನಾದಿಯ ದಪ್ಪವನ್ನು ನಿರ್ಧರಿಸುತ್ತಾರೆ.

ಐದನೆಯದು, ಬಿಡುವು. ಬಿಸಿ ಬುನಾದಿಯನ್ನು ಕಟ್ಟಡದ ಬುನಾದಿಗೆ ಅಂಟಿಸುವುದಿಲ್ಲ. ನಡುವೆ ಸಂದು ಬಿಟ್ಟು, ಬಿಸಿಗೆ ಕೆಡದ ಮೆತ್ತನೆಯ ವಸ್ತು ತುಂಬುತ್ತಾರೆ. ಹಿಗ್ಗಿದಾಗ ಬುನಾದಿ ಆ ಸಂದಿನೊಳಗೆ ಸರಿಯುತ್ತದೆ.

ಆರನೆಯದು, ಮೊದಲ ಬೆಂಕಿಯಲ್ಲಿ ತಾಳ್ಮೆ. ಹೊಸ ಕಾಂಕ್ರೀಟಿನಲ್ಲಿ ಬಿಡಿ ನೀರು ಹೆಚ್ಚು. ಒಮ್ಮೆಲೇ ಉರಿ ಏರಿಸಿದರೆ ಒಳಗಿನ ನೀರು ಹಬೆಯಾಗಿ, ಹೊರಬರಲು ದಾರಿ ಸಾಲದೆ ಕಾಂಕ್ರೀಟನ್ನು ಸಿಡಿಸಬಹುದು. ಆದ್ದರಿಂದ ಹೊಸ ಕುಲುಮೆಯನ್ನು ದಿನಗಟ್ಟಲೆ, ಸ್ವಲ್ಪ ಸ್ವಲ್ಪವೇ ತಾಪ ಏರಿಸುತ್ತಾ ಒಣಗಿಸುತ್ತಾರೆ.

ಕೊನೆಯದು, ನಿಗಾ. ಕಾಂಕ್ರೀಟಿನೊಳಗೆ ತಾಪ ಅಳೆಯುವ ತಂತಿಗಳನ್ನು ಕಟ್ಟುವಾಗಲೇ ಹುದುಗಿಸಿ ಇಡುತ್ತಾರೆ. ಇವಕ್ಕೆ ಉಷ್ಣಯುಗ್ಮ ಎಂದು ಹೆಸರು. ಮೇಲಿನ ಇಟ್ಟಿಗೆ ಎಲ್ಲಾದರೂ ಸವೆದರೆ ಕೆಳಗಿನ ತಾಪ ಏರುತ್ತದೆ. ಕಣ್ಣಿಗೆ ಕಾಣದ ಅಪಾಯವನ್ನು ಈ ತಂತಿಗಳು ಮೊದಲೇ ಹೇಳುತ್ತವೆ.

ಒಂದು ಸಣ್ಣ ಲೆಕ್ಕ

60 ಸೆಂ.ಮೀ. ದಪ್ಪದ ಬುನಾದಿ ಇದೆ. ಬಹುಕಾಲ ಕಾಯ್ದ ಮೇಲೆ ಅದರ ಮೇಲ್ಮೈ 300 ಡಿಗ್ರಿಯಲ್ಲಿ, ತಳ 60 ಡಿಗ್ರಿಯಲ್ಲಿ ನಿಂತಿದೆ. ವ್ಯತ್ಯಾಸ 240 ಡಿಗ್ರಿ. 60 ಸೆಂ.ಮೀ.ಗೆ ಹಂಚಿದರೆ 1 ಸೆಂ.ಮೀ.ಗೆ 4 ಡಿಗ್ರಿ. ಮೇಲಿನಿಂದ 5 ಸೆಂ.ಮೀ. ಆಳದಲ್ಲಿರುವ ಸರಳಿನ ತಾಪ 280 ಡಿಗ್ರಿ. ನೀರು ಕುದಿಯುವ 100 ಡಿಗ್ರಿಗೆ ಇಳಿಯಬೇಕಾದರೆ 50 ಸೆಂ.ಮೀ. ಆಳಕ್ಕೆ ಹೋಗಬೇಕು. ಅಂದರೆ ಬುನಾದಿಯ ಆರರಲ್ಲಿ ಐದು ಭಾಗ ನೀರು ಕಳೆದುಕೊಳ್ಳುವ ತಾಪದಲ್ಲಿದೆ!

ಈಗ ಮೇಲೆ ಇಟ್ಟಿಗೆ ಪದರ, ಗಾಳಿಯ ದಾರಿ ಮಾಡಿ ಮೇಲ್ಮೈಯನ್ನು 90 ಡಿಗ್ರಿಗೆ ಇಳಿಸಿದೆವು ಎನ್ನಿ. ತಳ 60 ಡಿಗ್ರಿಯಲ್ಲೇ ಇದೆ ಎಂದುಕೊಳ್ಳೋಣ. ವ್ಯತ್ಯಾಸ ಬರೀ 30 ಡಿಗ್ರಿ, 1 ಸೆಂ.ಮೀ.ಗೆ ಅರ್ಧ ಡಿಗ್ರಿ. ಎಲ್ಲಿಯೂ 100 ಡಿಗ್ರಿ ಮುಟ್ಟಲಿಲ್ಲ. ಬಾಗುವ ಒತ್ತಡವೂ ಎಂಟರಲ್ಲಿ ಒಂದು ಪಾಲಾಯಿತು. ಬುನಾದಿಯನ್ನು ದಪ್ಪ ಮಾಡದೆಯೇ ಅದನ್ನು ಉಳಿಸಿದೆವಲ್ಲವೇ?

ಭದ್ರಾವತಿ ಮತ್ತು ತೋರಣಗಲ್ಲು

ನಮ್ಮ ರಾಜ್ಯದಲ್ಲಿ ದೊಡ್ಡ ಬೆಂಕಿಯ ಕೆಲಸಕ್ಕೆ ನೂರು ವರ್ಷಗಳ ಇತಿಹಾಸವಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಕೆಲಸ ಆರಂಭಿಸಿತು. ಮಲೆನಾಡಿನ ಕಾಡಿನ ಇದ್ದಿಲೇ ಆಗ ಅದರ ಉರುವಲು. ಸರ್ ಎಂ. ವಿಶ್ವೇಶ್ವರಯ್ಯನವರು ಆರಂಭದ ಕಷ್ಟದ ದಿನಗಳಲ್ಲಿ ಅದರ ಆಡಳಿತ ಹೊತ್ತು ಬೆಳೆಸಿದರು. ಮುಂದೆ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು.

ಇಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ಇದೆ. ಆಧುನಿಕ ಊದುಕುಲುಮೆಯ ತಳದಲ್ಲಿ ದ್ರವ ಕಬ್ಬಿಣ ಕೆರೆಯಂತೆ ನಿಂತಿರುತ್ತದೆ. ಅದನ್ನು ಹಿಡಿದಿಡುವುದು ಇಂಗಾಲದಿಂದ ಮಾಡಿದ ದೊಡ್ಡ ದಿಮ್ಮಿಗಳು. ಸಾಮಾನ್ಯವಾಗಿ ಅವುಗಳ ಕೆಳಗೆ ನೀರು ಅಥವಾ ಗಾಳಿ ಹರಿಯುವ ಕೊಳವೆಗಳ ಸಾಲು ಇರುತ್ತದೆ. ಅದರ ಕೆಳಗೆ ಬಿಸಿ ತಡೆಯುವ ವಿಶೇಷ ಕಾಂಕ್ರೀಟ್. ಎಲ್ಲಕ್ಕಿಂತ ಕೆಳಗೆ ಸರಳು ಹೆಣೆದ ಬುನಾದಿ. ಕೊಳವೆಗಳಲ್ಲಿ ನೀರು ನಿಂತರೆ ಸಾಕು, ಬಿಸಿ ಮೆಲ್ಲಗೆ ಕೆಳಗಿಳಿಯತೊಡಗುತ್ತದೆ. ಬುನಾದಿ ಬಿರಿದರೆ ಕುಲುಮೆ ವಾಲಬಹುದು. ಸುತ್ತ ದುಡಿಯುವ ಕಾರ್ಮಿಕರ ಪ್ರಾಣ ಈ ತಣ್ಣನೆಯ ಪದರವನ್ನು ನೆಚ್ಚಿಕೊಂಡಿದೆ.

ಬುನಾದಿಯ ಕೆಳಗಿನ ಎರೆಮಣ್ಣು

ಬುನಾದಿ ಚೆನ್ನಾಗಿದ್ದರೆ ಸಾಲದು, ಅದರ ಕೆಳಗಿನ ನೆಲವೂ ಗಟ್ಟಿಯಾಗಿರಬೇಕು. ನಮ್ಮ ಭಾಗದ ಎರೆಭೂಮಿ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಎಂದು ನಿಮಗೆ ಗೊತ್ತು. ಕೈ ತೂರಿಸುವಷ್ಟು ಅಗಲದ ಬಿರುಕುಗಳು! ನೆನೆದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಎರೆಮಣ್ಣಿನ ಗುಣ.

ಎರೆಮಣ್ಣಿನ ಮೇಲೆ ಕುಲುಮೆ ಕಟ್ಟಿ, ಬಿಸಿ ಕೆಳಗಿಳಿಯಲು ಬಿಟ್ಟರೆ ಏನಾದೀತು? ಮಣ್ಣಿನ ತೇವ ಆರಿ ಅದು ಕುಗ್ಗುತ್ತದೆ. ಕುಲುಮೆಯ ನಡುವೆ ಹೆಚ್ಚು ಬಿಸಿ, ಅಂಚಿನಲ್ಲಿ ಕಡಿಮೆ. ಹಾಗಾಗಿ ನೆಲ ಒಂದೇ ಸಮನೆ ಕುಗ್ಗುವುದಿಲ್ಲ. ನಡುವೆ ಹೆಚ್ಚು ಕುಸಿದು ಬುನಾದಿಯ ಕೆಳಗೆ ಟೊಳ್ಳಾಗುತ್ತದೆ. ಬುನಾದಿ ವಾಲುತ್ತದೆ ಅಥವಾ ಬಿರಿಯುತ್ತದೆ. ಆದ್ದರಿಂದ ಇಂಥ ಕಡೆ ಎರೆಮಣ್ಣನ್ನು ಅಗೆದು ತೆಗೆದು ಗರಸು ತುಂಬಿ ದಮ್ಮಸು ಮಾಡುತ್ತಾರೆ. ಇಲ್ಲವೇ ಕೆಳಗಿನ ಗಟ್ಟಿ ನೆಲ ಮುಟ್ಟುವವರೆಗೆ ಕಾಂಕ್ರೀಟ್ ಕಂಬಗಳನ್ನು ಇಳಿಸುತ್ತಾರೆ.

ಮಾಡಿ ನೋಡಿ: ಎರೆಮಣ್ಣನ್ನು ನೀರು ಹಾಕಿ ನಾದಿ, 10 ಸೆಂ.ಮೀ. ಉದ್ದದ ಎರಡು ಪಟ್ಟಿ ಮಾಡಿ. ಒಂದನ್ನು ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ. ಬಟ್ಟೆ ಆರದಂತೆ ನೋಡಿಕೊಳ್ಳಿ. ಇನ್ನೊಂದನ್ನು ಬಿಸಿಲಿನಲ್ಲಿಡಿ. ಮೂರು ದಿನದ ಮೇಲೆ ಅಳತೆಪಟ್ಟಿಯಿಂದ ಅಳೆಯಿರಿ. ಬಿಸಿಲಿನ ಪಟ್ಟಿ ಎಷ್ಟು ಮಿ.ಮೀ. ಕುಗ್ಗಿತು? ಇದೇ ಪ್ರಯೋಗವನ್ನು ಮಸಾರಿ ಮಣ್ಣಿನಲ್ಲೂ ಮಾಡಿ, ಹೋಲಿಸಿ ಬರೆಯಿರಿ.

ಗಾಣದ ಒಲೆಯ ಪಾಠ

ಬೆಲ್ಲದ ಹದ ಬರುವುದು ಸುಮಾರು 118 ಡಿಗ್ರಿಯಲ್ಲಿ. ಆದರೆ ಕೊಪ್ಪರಿಗೆಯ ಕೆಳಗಿನ ಉರಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಈ ಒಲೆಯನ್ನು ನಮ್ಮ ಹಿರಿಯರು ಇಟ್ಟಿಗೆ ಮತ್ತು ಕೆಸರುಮಣ್ಣಿನಿಂದ ಕಟ್ಟುತ್ತಾ ಬಂದಿದ್ದಾರೆ. ಮಣ್ಣಿನ ಸಂದುಗಳು ಮೆತ್ತಗಿರುವುದರಿಂದ ಇಟ್ಟಿಗೆ ಹಿಗ್ಗಿದರೆ ಸರಿದು ಜಾಗ ಕೊಡುತ್ತವೆ. ಬಿರುಕು ಬಿಟ್ಟರೆ ಮರುವರ್ಷ ಮಣ್ಣು ಮೆತ್ತಿದರಾಯಿತು. ಎಂಜಿನಿಯರರು ಲೆಕ್ಕ ಹಾಕಿ ಬಿಡುವ ಸಂದು ಇಲ್ಲಿ ಅನುಭವದಿಂದಲೇ ಬಂದಿದೆ.

ಈಗ ಎಲ್ಲ ಕೆಲಸಕ್ಕೂ ಸಿಮೆಂಟೇ ಗಟ್ಟಿ ಎಂಬ ನಂಬಿಕೆ ಹೆಚ್ಚಾಗಿದೆ. ನಿಮ್ಮ ಊರಿನಲ್ಲಿ ಯಾರಾದರೂ ಒಲೆಯ ಬಾಯಿಗೆ, ಉರಿ ತಾಗುವ ಗೋಡೆಗೆ ಸಿಮೆಂಟ್ ಹಾಕಲು ಹೊರಟರೆ ಈ ಪಾಠದ ಮಾತನ್ನು ಅವರಿಗೆ ತಿಳಿಸಿ. ಉರಿಯ ಕಡೆ ಬೆಂಕಿ ಇಟ್ಟಿಗೆ ಅಥವಾ ಇಟ್ಟಿಗೆ ಮಣ್ಣು, ದೂರದ ತಂಪು ಕಡೆ ಸಿಮೆಂಟ್. ಹೀಗೆ ಮಾಡಿದರೆ ಒಲೆಯೂ ಬಾಳುತ್ತದೆ, ಸಿಮೆಂಟೂ ಬಾಳುತ್ತದೆ.

ಎಚ್ಚರಿಕೆ!

ಚಳಿಗಾಲದಲ್ಲಿ ಕಾಂಕ್ರೀಟ್ ನೆಲದ ಮೇಲೆ, ಅದರಲ್ಲೂ ಹೊಸ ಅಥವಾ ಒದ್ದೆ ಕಾಂಕ್ರೀಟಿನ ಮೇಲೆ ಬೆಂಕಿ ಹಾಕಬೇಡಿ. ಹೊಳೆಯಿಂದ ತಂದ ಒದ್ದೆ ಕಲ್ಲುಗಳನ್ನು ಒಲೆಗೆ ಬಳಸಬೇಡಿ. ಒಳಗಿನ ನೀರು ಹಬೆಯಾಗಿ ಚೂರುಗಳು ಥಟ್ಟನೆ ಸಿಡಿಯಬಹುದು. ಅವು ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಗಾಣ, ಕಾರ್ಖಾನೆ ನೋಡಲು ಹೋದಾಗ ದೊಡ್ಡವರ ಜೊತೆಯಲ್ಲೇ ಇರಿ, ಒಲೆಯ ಬಳಿ ಹೋಗಬೇಡಿ.

ನೆನಪಿಡಿ

ಕಾಂಕ್ರೀಟಿನ ಬಲ ಅದರೊಳಗೆ ಸೇರಿದ ನೀರಿನಲ್ಲಿದೆ. ಬಹುಕಾಲದ ಬಿಸಿ ಆ ನೀರನ್ನು ಕಸಿಯುತ್ತದೆ. ಗಳಿಗೆಯ ಬೆಂಕಿ ಮೇಲ್ಮೈಯನ್ನು ಸುಡುತ್ತದೆ, ತಿಂಗಳ ಬೆಂಕಿ ತಳವನ್ನು ಮುಟ್ಟುತ್ತದೆ. ಆದ್ದರಿಂದ ಬಿಸಿಯನ್ನು ದಾರಿಯಲ್ಲೇ ತಡೆಯಬೇಕು, ಹಿಗ್ಗಲು ಜಾಗ ಬಿಡಬೇಕು, ಕೆಳಗಿನ ಮಣ್ಣನ್ನು ಮರೆಯಬಾರದು.

ಯೋಚಿಸಿ, ಉತ್ತರಿಸಿ

1. ಹೊಸ ಕಾಂಕ್ರೀಟಿಗೆ ನೀರು ಹೊಡೆಯುವುದೇಕೆ?
2. ಬಿಸಿ 5 ಸೆಂ.ಮೀ. ಇಳಿಯಲು 1 ಗಂಟೆ ಬೇಕಾದರೆ 30 ಸೆಂ.ಮೀ. ಇಳಿಯಲು ಎಷ್ಟು ಗಂಟೆ ಬೇಕು?
3. 12 ಮೀಟರ್ ಉದ್ದದ ಬುನಾದಿ 50 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಎಷ್ಟು ಮಿ.ಮೀ. ಹಿಗ್ಗುತ್ತದೆ?
4. ಬಿಸಿಯಾಗುವ ಬುನಾದಿಗೆ ಬೆಣಚುಕಲ್ಲಿನ ಖಡಿಗಿಂತ ಕರಿಕಲ್ಲಿನ ಖಡಿ ಏಕೆ ಒಳ್ಳೆಯದು?
5. ನಿಮ್ಮ ಊರಿನಲ್ಲಿ ಬಹಳ ಹೊತ್ತು ಬೆಂಕಿ ಉರಿಯುವ ಜಾಗಗಳು ಯಾವುವು? ಗಾಣ, ಕಮ್ಮಾರರ ಕುಲುಮೆ, ಇಟ್ಟಿಗೆ ಭಟ್ಟಿ, ಕುಂಬಾರರ ಆವಿಗೆ, ಶಾಲೆಯ ಅಡುಗೆಮನೆ: ಒಂದನ್ನು ಗುರುಗಳೊಡನೆ ನೋಡಿ ಬನ್ನಿ. ಉರಿಯ ಕೆಳಗೂ ಸುತ್ತಲೂ ಯಾವ ವಸ್ತು ಬಳಸಿದ್ದಾರೆ ಎಂದು ಕೇಳಿ, ಚಿತ್ರ ಬರೆದು ಪದರಗಳಿಗೆ ಹೆಸರು ಕೊಡಿ.

(ಉತ್ತರ: 2. 36 ಗಂಟೆ. 3. 6 ಮಿ.ಮೀ.)

ಪದಗಳ ಅರ್ಥ

ತಾಪ: ವಸ್ತು ಎಷ್ಟು ಬಿಸಿ ಇದೆ ಎಂಬುದರ ಅಳತೆ.
ಅವಾಹಕ: ಉಷ್ಣವನ್ನು ಸುಲಭವಾಗಿ ಸಾಗಿಸದ ವಸ್ತು.
ಊದುಕುಲುಮೆ: ಬಿಸಿ ಗಾಳಿ ಊದಿ ಅದಿರಿನಿಂದ ಕಬ್ಬಿಣ ತೆಗೆಯುವ ದೊಡ್ಡ ಕುಲುಮೆ.
ಉಷ್ಣಯುಗ್ಮ: ಎರಡು ಬೇರೆ ಲೋಹಗಳ ತಂತಿ ಜೋಡಿಸಿ ತಾಪ ಅಳೆಯುವ ಸಾಧನ.
ದಮ್ಮಸು: ತುಂಬಿದ ಮಣ್ಣನ್ನು ಬಡಿದು ಗಟ್ಟಿ ಮಾಡುವುದು.